ಬೂಮ್‌ಲ್ಯಾಂಡ್ ಎಲ್‌ಪಿಯನ್ನು ಹುಬ್ಬಳ್ಳಿಗೆ ತರಿಸುವ ಬಗೆ

1970ರಲ್ಲಿ ಇಂಗ್ಲೆಂಡಿನ ಡೆಕ್ಕಾ ಕಂಪನಿಯಿಂದ ಒಂದು ಎಲ್‌ಪಿ, ಅಂದರೆ ಲಾಂಗ್ ಪ್ಲೇ ಗ್ರಾಮಫೋನ್ ರೆಕಾರ್ಡ್, ಹೊರಬಂತು. ತಂಡದ ಹೆಸರು ಟಿ2. ಎಲ್‌ಪಿಯ ಹೆಸರು ‘ಇಟ್‌ಲ್ ಆಲ್ ವರ್ಕ್ ಔಟ್ ಇನ್ ಬೂಮ್‌ಲ್ಯಾಂಡ್’. ಉದ್ದ ಹೆಸರು, ಇಲ್ಲಿಂದ ಮುಂದೆ ಬೂಮ್‌ಲ್ಯಾಂಡ್ ಅನ್ನೋಣ. ತಂಡದಲ್ಲಿ ಮೂರೇ ಜನ. ಪೀಟರ್ ಡಂಟನ್ ಡ್ರಮ್ಸ್ ಬಾರಿಸುತ್ತಲೇ ಹಾಡುತ್ತಿದ್ದರು. ಬೇಸ್ ಗಿಟಾರ್ ಬರ್ನಾರ್ಡ್ ಜಿಂಕ್ಸ್ ಅವರದು. ಗಿಟಾರ್ ಹಿಡಿದಿದ್ದ ಕೀತ್ ಕ್ರಾಸ್ ಆಗಿನ್ನೂ ಹದಿಹರೆಯದ ಹುಡುಗ. ಆ ಕಾಲದಲ್ಲಿ ಈ ತಂಡದ ಹೆಸರಲ್ಲಿ ಹೊರಬಂದದ್ದು ಇದೊಂದೇ ಎಲ್‌ಪಿ. ಮಾರಾಟ ಅಷ್ಟಕ್ಕಷ್ಟೇ. ಇವತ್ತು ಅದರ ಮೊದಲ ಮುದ್ರಣದ ಒಳ್ಳೆ ಪ್ರತಿಗೆ ನೂರಾರು ಪೌಂಡ್ ಕೇಳುತ್ತಾರೆ.

ಇದು ಪ್ರೊಗ್ರೆಸಿವ್ ರಾಕ್, ಅಂದರೆ ರಾಕ್ ಸಂಗೀತವನ್ನು ಉದ್ದನೆಯ, ತಿರುವುಗಳ ರಚನೆಗಳಿಗೆ ಹಿಗ್ಗಿಸುವ ಶೈಲಿ. ಅದರ ಹೆಸರು ಎತ್ತಿದ ಕೂಡಲೇ ನಮ್ಮ ಕಡೆ ಪಿಂಕ್ ಫ್ಲಾಯ್ಡ್, ಜೆಥ್ರೊ ಟಲ್, ಅಲ್ಲಿಗೆ ಪಟ್ಟಿ ಮುಗಿಯುತ್ತದೆ. ಆದರೆ 1969ರಿಂದ 1973ರ ತನಕ ಬ್ರಿಟನ್ನಿನಲ್ಲಿ ಇಂಥ ತಂಡಗಳ ಸಂತೆಯೇ ನೆರೆದಿತ್ತು. ದೊಡ್ಡ ಕಂಪನಿಗಳು ಇವಕ್ಕಾಗಿಯೇ ಬೇರೆ ಲೇಬಲ್, ಅಂದರೆ ಬೇರೆ ಬ್ರ್ಯಾಂಡ್ ಹೆಸರು, ತೆರೆದವು. ಫಿಲಿಪ್ಸ್‌ನವರದು ವರ್ಟಿಗೊ, ಇಎಂಐಯವರದು ಹಾರ್ವೆಸ್ಟ್, ಪೈ ಕಂಪನಿಯದು ಡಾನ್, ಆರ್‌ಸಿಎಯವರದು ನಿಯಾನ್. ಒಂದೆರಡು ಎಲ್‌ಪಿ ಮಾಡಿ ಮಾಯವಾದ ತಂಡಗಳೇ ಇವುಗಳಲ್ಲಿ ಜಾಸ್ತಿ. ಅದರಲ್ಲಿ ಬೂಮ್‌ಲ್ಯಾಂಡನ್ನೇ ಯಾಕೆ ಆರಿಸಿಕೊಂಡೆ ಅಂದ್ರೆ, ಅಪರೂಪದ್ದು ಅನ್ನುವ ಒಂದೇ ಕಾರಣಕ್ಕೆ ಬೆಲೆ ಏರಿಸಿಕೊಂಡ ರೆಕಾರ್ಡುಗಳು ಬೇಕಾದಷ್ಟಿವೆ. ಇದು ಆ ಜಾತಿಯದಲ್ಲ. ಅಪರೂಪ ಅಲ್ಲದಿದ್ದರೂ ಇಟ್ಟುಕೊಳ್ಳಬೇಕಾದ ಸಂಗೀತ ಇದು.

ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಕೂತು ಇಂಥದ್ದನ್ನು ತರಿಸುವವರು ಸಾಮಾನ್ಯವಾಗಿ ರೆಕಾರ್ಡ್ ಮೊದಲು ಕೊಳ್ಳುತ್ತಾರೆ, ಆಮೇಲೆ ಪ್ಲೇಯರ್ ಹುಡುಕುತ್ತಾರೆ, ಕೊನೆಗೆ ಪುರುಸೊತ್ತಾದಾಗ ಕೇಳುತ್ತಾರೆ. ನಾನು ಹೇಳುವುದು ಪೂರ್ತಿ ಉಲ್ಟಾ. ಮೊದಲು ಕಿವಿ, ಆಮೇಲೆ ಯಂತ್ರ, ರೆಕಾರ್ಡ್ ಕೊನೆಗೆ.

ಮೊದಲು ಪೂರ್ತಿ ಕೇಳಿ

ಬೂಮ್‌ಲ್ಯಾಂಡ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹುಡುಕುವಾಗ ಬರೀ ಟಿ2 ಅಂತ ಹಾಕಿದರೆ ಸಿನಿಮಾಗಳೇ ಎದ್ದು ಬರುತ್ತವೆ, ಎಲ್‌ಪಿಯ ಹೆಸರನ್ನೂ ಸೇರಿಸಿ. ಇನ್ನೊಂದು ವಿಷಯ. 1990ರ ದಶಕದಲ್ಲಿ ಡಂಟನ್ ಇದೇ ಹೆಸರಿನಲ್ಲಿ ಮತ್ತೆ ಕೆಲವು ಸಿಡಿ ತಂದರು. ಅವು ಬೇರೆ, ಇದು ಬೇರೆ.

ಇರುವುದು ನಾಲ್ಕೇ ಹಾಡು. ಮೊದಲ ಬದಿಯಲ್ಲಿ ‘ಇನ್ ಸರ್ಕಲ್ಸ್’, ‘ಜೆಎಲ್‌ಟಿ’, ‘ನೋ ಮೋರ್ ವೈಟ್ ಹಾರ್ಸಸ್’. ಎರಡನೇ ಬದಿ ಪೂರ್ತಿ ಒಂದೇ ಹಾಡು, ‘ಮಾರ್ನಿಂಗ್’, ಸುಮಾರು 21 ನಿಮಿಷ. ಇನ್ ಸರ್ಕಲ್ಸ್ ಶುರುವಿನಿಂದಲೇ ಓಟಕ್ಕೆ ಬೀಳುತ್ತದೆ. ಗಿಟಾರ್ ಮತ್ತು ಡ್ರಮ್ಸ್ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಜೆಎಲ್‌ಟಿ ಮೆತ್ತಗಿನದು. ವೈಟ್ ಹಾರ್ಸಸ್‌ನಲ್ಲಿ ಗಿಟಾರಿನ ಜೊತೆ ತುತ್ತೂರಿಗಳೂ ಸೇರಿಕೊಳ್ಳುತ್ತವೆ. ಇವು ಬದಿ ಮುಗಿಯುವ ಹೊತ್ತಿನಲ್ಲಿ ಬರುತ್ತವೆ ಅನ್ನುವುದನ್ನು ನೆನಪಿಡಿ. ಪ್ಲೇಯರ್ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಮಾರ್ನಿಂಗ್ ಮೆಲ್ಲಗೆ ಶುರುವಾಗುತ್ತದೆ. ಹಾಡು ಇಷ್ಟೇ ಏನೋ ಅನ್ನಿಸುವಷ್ಟರಲ್ಲಿ ಮೂವರೂ ಒಟ್ಟಿಗೆ ಮೇಲೆ ಬೀಳುತ್ತಾರೆ. ಆಮೇಲೆ ಇಳಿಯುತ್ತದೆ, ಅಲೆಯುತ್ತದೆ, ಮತ್ತೆ ಏರುತ್ತದೆ. 21 ನಿಮಿಷ ಒಂದೇ ಹಾಡಾ ಅಂತ ಬೇರೆ ಊರಿನವರು ಕೇಳಬಹುದು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತಕ್ಕೆ ಕೂತವರಿಗೆ, ವಿಲಂಬಿತ ಖಯಾಲ್ ನಿಧಾನಕ್ಕೆ ಅರಳುವುದನ್ನು ಕಂಡವರಿಗೆ, 21 ನಿಮಿಷ ದೊಡ್ಡ ಮಾತೇ ಅಲ್ಲ. ಗಂಗೂಬಾಯಿ ಹಾನಗಲ್ಲರ, ಭೀಮಸೇನ ಜೋಶಿಯವರ ಎಲ್‌ಪಿಗಳಲ್ಲಿ ಒಂದು ಬದಿಗೆ ಒಂದೇ ರಾಗ ಇರುವುದು ನಮಗೆ ಮೊದಲಿನಿಂದ ಗೊತ್ತಿರುವ ರೂಢಿ. ಈ ವಿಷಯದಲ್ಲಿ ನಾವು ಲಂಡನ್ನಿನವರಿಗಿಂತ ಒಂದು ಹೆಜ್ಜೆ ಮುಂದೇ ಇದ್ದೇವೆ.

ಬೇರೆ ಬೇರೆ ದಿನ ಕೇಳಿ ನೋಡಿ. ಮಾರ್ನಿಂಗ್ ಪೂರ್ತಿ ಕೂತು ಕೇಳುವ ಮನಸ್ಸು ಪ್ರತಿ ಸಲ ಬಂದರೆ ಮಾತ್ರ ಮುಂದಕ್ಕೆ ಹೋಗಿ. ಬರದಿದ್ದರೆ ಇಲ್ಲಿಗೇ ಬಿಡಿ. ದುಡ್ಡು ಉಳಿಯಿತು.

ಯಂತ್ರ

ನಮ್ಮ ಭಾಗದ ಹಳೇ ಮನೆಗಳಲ್ಲಿ ಎಚ್‌ಎಂವಿ ಫಿಯೆಸ್ಟಾ ಅಥವಾ ಕ್ಯಾಲಿಪ್ಸೊ ಪ್ಲೇಯರ್ ಅಟ್ಟದ ಮೇಲೆ ಇರುವ ಸಾಧ್ಯತೆ ಇದೆ. ಸೂಟ್‌ಕೇಸಿನ ಹಾಗೆ ಮುಚ್ಚಳ ಇರುತ್ತದಲ್ಲ, ಅದು. ನೋಡಲು ಚಂದ. ರಿಪೇರಿ ಮಾಡಿಸಿ ಇಟ್ಟುಕೊಳ್ಳಿ, ಮನೆಯ ಹಳೇ ರೆಕಾರ್ಡುಗಳನ್ನು ಹಾಕಿ. ಆದರೆ ನೂರಾರು ಪೌಂಡಿನ ರೆಕಾರ್ಡನ್ನು ಅದರ ಮೇಲೆ ಇಡಬೇಡಿ. ಮುಳ್ಳನ್ನು ಹಿಡಿದು ಅದರ ಅದುರನ್ನು ಧ್ವನಿಯ ಸಂಕೇತವಾಗಿ ಬದಲಿಸುವ ಭಾಗಕ್ಕೆ ಕಾರ್ಟ್ರಿಜ್ ಅನ್ನುತ್ತಾರೆ, ಅದರಲ್ಲಿರುವುದು ಸೆರಾಮಿಕ್ ಕಾರ್ಟ್ರಿಜ್. ಮುಳ್ಳು ರೆಕಾರ್ಡಿನ ಮೇಲೆ ಐದು ಗ್ರಾಂ ಅಥವಾ ಅದಕ್ಕೂ ಹೆಚ್ಚು ಭಾರ ಹಾಕಿ ಒತ್ತುತ್ತದೆ. ಈಗಿನ ಸಾಮಾನ್ಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಿಗೆ ಎರಡು ಗ್ರಾಂ ಆಸುಪಾಸು ಸಾಕು. ಆಡಿಯೊ ಟೆಕ್ನಿಕಾದ ವಿಎಂ95ಇ ಎರಡು ಗ್ರಾಂನಲ್ಲಿ, ಆರ್ಟೊಫೋನ್ 2ಎಂ ರೆಡ್ 1.8 ಗ್ರಾಂನಲ್ಲಿ ಕೆಲಸ ಮಾಡುತ್ತವೆ. ಸೂಟ್‌ಕೇಸ್ ಮಾದರಿಯ ಹೊಸ ಅಗ್ಗದ ಪ್ಲೇಯರ್‌ಗಳು ಆನ್‌ಲೈನಿನಲ್ಲಿ ಬರುತ್ತಿವೆ. ಅವುಗಳಲ್ಲೂ ಹೆಚ್ಚಿನವು ಅದೇ ಸೆರಾಮಿಕ್ ಜಾತಿ.

ಈಗ ತುತ್ತೂರಿ ವಿಷಯಕ್ಕೆ ಬರೋಣ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ಹಾಕುತ್ತದೆ. ಈ ವೇಗ ಬದಲಾಗುವುದಿಲ್ಲ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಅಂಚಿನ ಹತ್ತಿರ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ತೋಡು (ಧ್ವನಿ ಕೊರೆದ ಸುರುಳಿ ಗೆರೆ) ಹಾದುಹೋಗುತ್ತದೆ. ನಡುವಿನ ಕಾಗದದ ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು ಸುಮಾರು 21ಕ್ಕೆ ಇಳಿದಿರುತ್ತದೆ. ಅಷ್ಟೇ ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಮುಳ್ಳು ಸವೆದಿದ್ದರೆ, ಅಥವಾ ಕಾರ್ಟ್ರಿಜ್ ಸ್ವಲ್ಪ ಓರೆ ಕೂತಿದ್ದರೆ, ಮೊದಲು ಹಾಳಾಗಿ ಕೇಳುವುದೇ ಈ ಒಳಗಿನ ಭಾಗ. ಬೂಮ್‌ಲ್ಯಾಂಡ್‌ನಲ್ಲಿ ಮೊದಲ ಬದಿಯ ಜೋರಾದ ಭಾಗ ಇರುವುದು ಅಲ್ಲೇ. ಸರಿಯಾಗಿ ಕೂರಿಸದ ಪ್ಲೇಯರ್‌ನಲ್ಲಿ ಆ ತುತ್ತೂರಿಗಳು ಹರಕು ಸ್ಪೀಕರಿನಲ್ಲಿ ಬಂದ ಹಾಗೆ ಕೇಳುತ್ತವೆ.

ಹಾಗಾಗಿ ಮೂರು ಕೆಲಸ ಮಾಡಿ. ಕಾರ್ಟ್ರಿಜ್ ನೇರ ಇದೆಯಾ ಅಂತ ನೋಡಲು ಪ್ರೊಟ್ರ್ಯಾಕ್ಟರ್ ಹಾಳೆ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ, ಪ್ರಿಂಟ್ ತೆಗೆಸಿಕೊಳ್ಳಿ. ಪ್ರಿಂಟ್ ಮಾಡುವಾಗ ಅಳತೆ ನೂರಕ್ಕೆ ನೂರು ಇರಬೇಕು, ಝೆರಾಕ್ಸ್ ಅಂಗಡಿಯವರು ‘ಫಿಟ್ ಟು ಪೇಜ್’ ಒತ್ತಿದರೆ ಎಲ್ಲ ಕೆಟ್ಟಿತು. ಮುಳ್ಳಿನ ಭಾರ ನೋಡಲು 0.01 ಗ್ರಾಂ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ತನ್ನಿ. ಪ್ಲೇಯರ್ ಇಡುವ ಮೇಜು ಸಮ ಇದೆಯಾ ಅಂತ ಗೌಂಡಿ ಕೆಲಸದವರ ರಸಮಟ್ಟದಿಂದ ನೋಡಿ.

ವಿದೇಶದಿಂದ ಪ್ಲೇಯರ್ ತರಿಸುವ ಯೋಚನೆ ಇದ್ದರೆ ಒಂದು ಎಚ್ಚರ. ಇಂಗ್ಲೆಂಡಿನ ಕರೆಂಟ್ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಜ್. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟ್ ಸರಿಯಾಗುತ್ತದೆ, ಹರ್ಟ್ಜ್ ಆಗುವುದಿಲ್ಲ. ಎಸಿ ಮೋಟರಿನ ಹಳೇ ಅಮೆರಿಕನ್ ಪ್ಲೇಯರ್ ಇಲ್ಲಿ ಆರನೇ ಒಂದು ಭಾಗ ನಿಧಾನಕ್ಕೆ ತಿರುಗುತ್ತದೆ. ಹೆಸ್ಕಾಂನವರನ್ನು ಬೈದು ಪ್ರಯೋಜನ ಇಲ್ಲ.

ಕಣ್ಣು ಪಳಗಿಸಲು ಗುಜರಿ

ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಬೂಮ್‌ಲ್ಯಾಂಡ್ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಸಿಗುವುದು ಡಂಡಂ ಕಾರ್ಖಾನೆಯಲ್ಲಿ ಅಚ್ಚಾದ ಎಚ್‌ಎಂವಿ ರೆಕಾರ್ಡುಗಳು. ಹಿಂದಿ ಸಿನಿಮಾ, ಕನ್ನಡ ಸಿನಿಮಾ, ಭಜನೆ, ನಾಟಕದ ಹಾಡು, ನಡುವೆ ಎಲ್ಲೋ ಒಂದು ಆಬಾ ಅಥವಾ ಬೋನಿ ಎಂ. ಆದರೂ ಹೋಗಿ. ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

“ಹಳೇ ಪ್ಲೇಟ್ ಅದಾವೇನ್ರಿ?”

“ಅದಾವ್ರಿ, ಒಳಗ ಬರ್ರಿ. ಆದ್ರ ಬಿಡಿ ಕೊಡೂದಿಲ್ರಿ ಮತ್ತ, ತಗೊಂಡ್ರ ಪೂರಾ ಗಂಟ ತಗೋಬೇಕು.”

“ಮೊದಲ ನೋಡ್ತೀನ್ರಿ, ಆಮ್ಯಾಲ ಮಾತಾಡೂಣು.”

ಅಲ್ಲಿ ಕೂತು ನೋಡುವುದೇ ಪಾಠ. ಒಂದೊಂದೇ ರೆಕಾರ್ಡನ್ನು ಬೆಳಕಿಗೆ ಓರೆ ಹಿಡಿಯಿರಿ. ಕವರಿನಿಂದ ತೆಗೆದು ಹಾಕುವಾಗ ಆದ ಕೂದಲೆಳೆಯ ಗೀರು ಹೇಗೆ ಕಾಣುತ್ತದೆ, ಮುಳ್ಳು ಜಾರಿ ಬಿದ್ದ ಗಾಯ ಹೇಗೆ ಕಾಣುತ್ತದೆ ಅಂತ ಗೊತ್ತಾಗುತ್ತದೆ. ಉಗುರಿನ ತುದಿಗೆ ತಾಗುವ ಗೀರು ಕೇಳುವಾಗ ಟಿಕ್ ಟಿಕ್ ಅನ್ನುತ್ತದೆ, ತಾಗದೇ ಇರುವುದು ಎಷ್ಟೋ ಸಲ ಏನೂ ಅನ್ನುವುದಿಲ್ಲ. ಲೇಬಲ್ಲಿನ ನಡುವಿನ ತೂತಿನ ಸುತ್ತ ಬೆಳ್ಳಗಿನ ಗೆರೆಗಳು ಜೇಡರ ಬಲೆ ಥರ ಹರಡಿದ್ದರೆ ಆ ರೆಕಾರ್ಡ್ ಬಹಳ ಸಲ ತಿರುಗಿದೆ. ಹತ್ತಾರು ರೂಪಾಯಿಯ ರೆಕಾರ್ಡುಗಳ ಮೇಲೆ ಇದನ್ನು ಕಲಿತರೆ, ನೂರಾರು ಪೌಂಡಿನದರ ಫೋಟೋ ನೋಡಿದಾಗ ಏನು ಕೇಳಬೇಕು ಅಂತ ತಾನಾಗಿ ಹೊಳೆಯುತ್ತದೆ.

ಯಾವ ಪ್ರತಿ

ಇಲ್ಲಿ ದಾರಿ ಎರಡಾಗುತ್ತದೆ. ಒಂದು, ಈಚಿನ ಮರುಮುದ್ರಣ. ಕೆಲವು ಸಾವಿರ ರೂಪಾಯಿಗೆ ಬರುತ್ತದೆ. ಮುಂಬೈ, ಬೆಂಗಳೂರಿನ ರೆಕಾರ್ಡ್ ಅಂಗಡಿಗಳಿಗೆ ಹೇಳಿಟ್ಟರೆ ಅವರೇ ತರಿಸಿಕೊಡುವುದೂ ಉಂಟು. ಇನ್ನೊಂದು, 1970ರ ಬ್ರಿಟಿಷ್ ಮುದ್ರಣ. ಅಮೆರಿಕದಲ್ಲಿ ಡೆಕ್ಕಾ ಹೆಸರು ಬೇರೆ ಕಂಪನಿಯ ಕೈಯಲ್ಲಿತ್ತು, ಹಾಗಾಗಿ ಬ್ರಿಟಿಷ್ ಡೆಕ್ಕಾದವರು ಅಲ್ಲಿ ಲಂಡನ್ ಅನ್ನುವ ಲೇಬಲ್ಲಿನಲ್ಲಿ ಮಾರುತ್ತಿದ್ದರು. ಬೂಮ್‌ಲ್ಯಾಂಡಿನ ಲಂಡನ್ ಪ್ರತಿ ಕಂಡರೆ ನಕಲಿ ಅಂದುಕೊಳ್ಳಬೇಡಿ. ಅದೂ ಆ ಕಾಲದ್ದೇ, ಬೆಲೆಯಲ್ಲಿ ಸಾಮಾನ್ಯವಾಗಿ ಹಗುರ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಮರುಮುದ್ರಣ ತಗೊಳ್ಳಿ. ಸವೆದ ಹಳೇ ಪ್ರತಿಗಿಂತ ಒಳ್ಳೆ ಟೇಪಿನಿಂದ ಮಾಡಿದ ಹೊಸದು ಸಾವಿರ ಪಾಲು ವಾಸಿ. ಮರುಮುದ್ರಣದಲ್ಲೂ ಜಾತಿಗಳಿವೆ. ಯಾರ ಅನುಮತಿಯಿಂದ, ಯಾವ ಟೇಪಿನಿಂದ ಮಾಡಿದ್ದು ಅಂತ ಕವರಿನ ಹಿಂದೆ ಬರೆದಿರಬೇಕು. ಕಂಪನಿಯ ವಿಳಾಸವೇ ಇಲ್ಲ, ಹಕ್ಕಿನ ಮಾತೇ ಇಲ್ಲ ಅಂದರೆ ಯಾರೋ ಸಿಡಿಯಿಂದ ಇಳಿಸಿ ಅಚ್ಚು ಹಾಕಿದ್ದಾರೆ ಅಂತಲೇ ಲೆಕ್ಕ. ಅಂಥದ್ದಕ್ಕೆ ದುಡ್ಡು ಕೊಡುವ ಬದಲು ಆ ಸಿಡಿಯನ್ನೇ ಕೊಳ್ಳಬಹುದು ಅಲ್ವಾ?

ಮೂಲ ಮುದ್ರಣವೇ ಬೇಕು ಅನ್ನುವವರು ಫೋಟೋ ನೋಡಿ ಮೋಸ ಹೋಗದಿರಲು ಇಷ್ಟು ತಿಳಿದಿರಬೇಕು.

ಕವರ್ ಮತ್ತು ಲೇಬಲ್ ಎರಡರಲ್ಲೂ ಎಸ್‌ಕೆಎಲ್ 5050 ಅನ್ನುವ ಸಂಖ್ಯೆ ಇರಬೇಕು. ಎಸ್‌ಕೆಎಲ್ ಅಂದರೆ ಡೆಕ್ಕಾದ ಸ್ಟೀರಿಯೊ ಪಾಪ್ ಸಾಲು. ಲೇಬಲ್ ಕಡು ನೀಲಿ, ಡೆಕ್ಕಾ ಅನ್ನುವ ಹೆಸರು ಒಂದು ಚೌಕದೊಳಗೆ ಇರುತ್ತದೆ. ಕವರಿನ ಮೇಲೆ ಬಾರ್‌ಕೋಡ್ ಇದ್ದರೆ ಮಾತೇ ಬೇಡ, ಅದು 1970ರದಲ್ಲ. ಹಳೇ ಕವರನ್ನು ಸ್ಕ್ಯಾನ್ ಮಾಡಿ ಮಾಡಿದ ನಕಲಿಯಲ್ಲಿ ಸಣ್ಣ ಅಕ್ಷರಗಳ ಅಂಚು ಮಂಜಾಗಿರುತ್ತದೆ. ಹಿಂಬದಿಯ ಸಣ್ಣ ಅಕ್ಷರದ ಫೋಟೋವನ್ನು ಹತ್ತಿರದಿಂದ ತೆಗೆದು ಕಳಿಸಿ ಅಂತ ಕೇಳಿ. ತೂಕವನ್ನೂ ಕೇಳಬಹುದು. ಅಡುಗೆಮನೆ ತಕ್ಕಡಿಯಲ್ಲಿ ರೆಕಾರ್ಡ್ ಸರಿಯಾಗಿ 180 ಗ್ರಾಂ ತೂಗಿದರೆ ಅದು ಈ ಕಾಲದ ಅಚ್ಚು ಅನ್ನುವ ಅನುಮಾನ ಬರಬೇಕು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇರುವುದು ಹಾಡು ಮುಗಿದ ಮೇಲೆ, ಲೇಬಲ್ಲಿನ ಸುತ್ತ ಉಳಿಯುವ ಖಾಲಿ ಪಟ್ಟಿಯಲ್ಲಿ. ಇದಕ್ಕೆ ಡೆಡ್ ವ್ಯಾಕ್ಸ್ ಅನ್ನುತ್ತಾರೆ. ಲೇಬಲ್ ನೇರ ಓದುವ ಹಾಗೆ ಹಿಡಿದು ಗಡಿಯಾರ ಅಂದುಕೊಳ್ಳಿ. ಆರು ಗಂಟೆಯ ಜಾಗದಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ಬದಿಯ ಗುರುತಿನ ಸಂಖ್ಯೆ. ಆ ಕಾಲದ ಡೆಕ್ಕಾ ಸ್ಟೀರಿಯೊ ಪಾಪ್ ರೆಕಾರ್ಡುಗಳಲ್ಲಿ ಇದು ಝಡ್-ಎ-ಎಲ್ ಅಕ್ಷರಗಳಿಂದ ಶುರುವಾಗುತ್ತದೆ. ಕೊನೆಯಲ್ಲಿ ಒಂದು ಅಂಕಿ, ಅದಕ್ಕೆ ಅಂಟಿಕೊಂಡು ಒಂದು ಅಕ್ಷರ. ಅಂಕಿ ಅಂದರೆ ಎಷ್ಟನೇ ಸಲ ಕೊರೆದದ್ದು ಅನ್ನುವ ಲೆಕ್ಕ, ಅಕ್ಷರ ಅಂದರೆ ಕೊರೆದ ಇಂಜಿನಿಯರ್‌ನ ಗುರುತು. ಒಂಬತ್ತು ಗಂಟೆಯ ಜಾಗದಲ್ಲಿ ಒಂದು ಪುಟ್ಟ ಅಂಕಿ, ಅದು ‘ಮದರ್’ ಅನ್ನುವ ಲೋಹದ ಅಚ್ಚಿನ ಸಂಖ್ಯೆ, ಸ್ಟಾಂಪರ್‌ಗಳನ್ನು ಮಾಡುವುದು ಇದರಿಂದ. ಮೂರು ಗಂಟೆಯ ಜಾಗದಲ್ಲಿ ಒಂದೋ ಎರಡೋ ಅಕ್ಷರ, ಅದು ಸ್ಟಾಂಪರಿನ, ಅಂದರೆ ರೆಕಾರ್ಡ್ ಒತ್ತುವ ಅಚ್ಚಿನ, ಸಂಖ್ಯೆ. ಮಜಾ ಇರುವುದು ಇಲ್ಲೇ. ಡೆಕ್ಕಾದವರು ಬಕಿಂಗ್‌ಹ್ಯಾಮ್ ಅನ್ನುವ ಹೆಸರಿನ ಹತ್ತು ಇಂಗ್ಲಿಷ್ ಅಕ್ಷರಗಳನ್ನು ಹತ್ತು ಅಂಕಿಗಳ ಬದಲು ಬಳಸುತ್ತಿದ್ದರು. ಬಿ ಅಂದರೆ 1, ಯು 2, ಸಿ 3, ಕೆ 4, ಐ 5, ಎನ್ 6, ಜಿ 7, ಎಚ್ 8, ಎ 9, ಕೊನೆಯ ಎಂ ಸೊನ್ನೆ. ಆ ಜಾಗದಲ್ಲಿ ಬಿ ಒಂದೇ ಇದ್ದರೆ ಮೊದಲ ಸ್ಟಾಂಪರಿನಿಂದ ಬಂದ ಪ್ರತಿ. ಬಿ-ಕೆ ಇದ್ದರೆ ಹದಿನಾಲ್ಕನೆಯದು. ಇಷ್ಟೊಂದು ಸಣ್ಣ ವಿವರಕ್ಕೆ ನಕಲಿ ಮಾಡುವವರು ಕೈ ಹಾಕುವುದು ಕಡಿಮೆ.

ಈ ಅಕ್ಷರಗಳು ಬರಿಗಣ್ಣಿಗೆ ಕಷ್ಟ. ಅಕ್ಕಸಾಲಿಗರು ಕಣ್ಣಿಗೆ ಹಿಡಿದು ನೋಡುವ ಹತ್ತು ಪಟ್ಟಿನ ಭೂತಗನ್ನಡಿ ಕೊಂಡಿಟ್ಟುಕೊಳ್ಳಿ, ಮುಳ್ಳು ಸವೆದಿದೆಯಾ ನೋಡಲೂ ಬರುತ್ತದೆ. ಮಾರುವವರಿಗೆ ಹೇಳುವುದಾದರೆ, ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೋ ತೆಗೆಯಲು ಹೇಳಿ. ಮೇಲಿನಿಂದ ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ಫೋಟೋ ಕಳಿಸಲು ಮನಸ್ಸಿಲ್ಲದವರ ಹತ್ತಿರ ಕೊಳ್ಳಲೇಬೇಡಿ.

ಮಾರುವವರ ಹತ್ತಿರ ಏನು ಕೇಳಬೇಕು

ರೆಕಾರ್ಡಿನ ಸ್ಥಿತಿ ಹೇಳಲು ಎರಡು ಪದ್ಧತಿ ಇವೆ. ಹಳೇ ರೆಕಾರ್ಡ್ ಕೊಳ್ಳುವ, ಮಾರುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ನಡೆಯುವುದು ಅಮೆರಿಕದ ಗೋಲ್ಡ್‌ಮೈನ್ ಪದ್ಧತಿ: ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ, ಹೀಗೆ ಇಳಿಯುತ್ತದೆ. ಇಂಗ್ಲೆಂಡಿನ ಹಳೇ ವ್ಯಾಪಾರಿಗಳು ಹೇಳುವುದು ಮಿಂಟ್, ಎಕ್ಸಲೆಂಟ್, ವಿಜಿ. ವಿಜಿ ಅಂದರೆ ವೆರಿ ಗುಡ್, ಆದರೆ ಅಷ್ಟೇನೂ ಗುಡ್ ಇರುವುದಿಲ್ಲ. ಚರಚರ ಸದ್ದು ಇದ್ದೇ ಇರುತ್ತದೆ. ಗೋಲ್ಡ್‌ಮೈನ್ ಲೆಕ್ಕದಲ್ಲಿ ವಿಜಿ ಪ್ಲಸ್ ಪ್ರತಿಗೆ ಸಾಮಾನ್ಯವಾಗಿ ನಿಯರ್ ಮಿಂಟ್ ಬೆಲೆಯ ಅರ್ಧ. ಬೂಮ್‌ಲ್ಯಾಂಡ್‌ಗೆ ಅದೇ ಸರಿಯಾದ ಗುರಿ ಅನ್ನುವುದು ನನ್ನ ಲೆಕ್ಕ.

ಆದರೆ ಇಡೀ ರೆಕಾರ್ಡಿಗೆ ಒಂದೇ ಗ್ರೇಡ್ ಹೇಳಿದರೆ ಒಪ್ಪಬೇಡಿ. ಬದಿ ಬದಿಗೆ ಬೇರೆ ಕೇಳಿ. ಈ ಎಲ್‌ಪಿಯ ಜೀವ ಇರುವುದು ಎರಡನೇ ಬದಿಯಲ್ಲಿ. ಮಾರ್ನಿಂಗ್ ಶುರುವಾಗುವ ಮೆತ್ತಗಿನ ಭಾಗದಲ್ಲಿ ಒಂದೇ ಒಂದು ಗೀರು ಇದ್ದರೂ ಪ್ರತಿ ಸುತ್ತಿಗೆ ಟಕ್ ಅನ್ನುತ್ತದೆ, ನಿಮಿಷಕ್ಕೆ 33 ಸಲ. ಅದೇ ಗೀರು ಇನ್ ಸರ್ಕಲ್ಸ್‌ನ ಗದ್ದಲದಲ್ಲಿ ಇದ್ದಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಹಾಗಾಗಿ ಎರಡು ಧ್ವನಿ ತುಣುಕು ಕೇಳಿ: ಎರಡನೇ ಬದಿಯ ಮೊದಲ ಎರಡು ನಿಮಿಷ, ಮೊದಲ ಬದಿಯ ಕೊನೆಯ ಎರಡು ನಿಮಿಷ. ಮೊದಲನೆಯದರಲ್ಲಿ ಗೀರು ಗೊತ್ತಾಗುತ್ತದೆ, ಎರಡನೆಯದರಲ್ಲಿ ಸವೆತ. ಮೊಬೈಲಿನಲ್ಲಿ ಸ್ಪೀಕರ್ ಮುಂದೆ ಹಿಡಿದು ರೆಕಾರ್ಡ್ ಮಾಡಿ ಕಳಿಸಿದರೂ ಸಾಕು.

ಬೆಲೆ ಸರಿ ಇದೆಯಾ ಅಂತ ತಿಳಿಯಲು ಡಿಸ್ಕಾಗ್ಸ್‌ನಲ್ಲಿ ಹಿಂದೆ ಮಾರಾಟವಾದ ಬೆಲೆಗಳ ಇತಿಹಾಸ ಇರುತ್ತದೆ. ಈಗ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಕೇಳುವವರು ಏನು ಬೇಕಾದರೂ ಕೇಳಬಹುದು.

ದುಡ್ಡು, ಸುಂಕ, ಪಾರ್ಸಲ್

ಬ್ಯಾಂಕಿನ ಕಾರ್ಡಿನಲ್ಲಿ ವಿದೇಶಿ ಆನ್‌ಲೈನ್ ಪಾವತಿ ಆನ್ ಇದೆಯಾ ನೋಡಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ಅದು ತಾನಾಗಿ ಇರುವುದಿಲ್ಲ, ಆ್ಯಪಿನಲ್ಲಿ ನೀವೇ ತೆರೆಯಬೇಕು. ಮಿತಿಯನ್ನೂ ಅಲ್ಲೇ ಹಾಕಿ, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಿ. ಪೌಂಡನ್ನು ರೂಪಾಯಿಗೆ ಬದಲಿಸಲು ಬ್ಯಾಂಕ್ ತನ್ನ ಪಾಲು ಹಿಡಿದುಕೊಳ್ಳುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ.

ಸುಂಕದ ಲೆಕ್ಕ ಬರೀ ರೆಕಾರ್ಡಿನ ಬೆಲೆಯ ಮೇಲಲ್ಲ. ಸಾಗಣೆ, ವಿಮೆ ಸೇರಿಸಿದ ಮೊತ್ತದ ಮೇಲೆ ಸುಂಕ, ಆಮೇಲೆ ಜಿಎಸ್‌ಟಿ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಆರ್ಡರ್ ಮಾಡುವ ಮುಂಚೆ ಆ ಹೊತ್ತಿನ ದರ ನೋಡಿಕೊಳ್ಳಿ. “ಗಿಫ್ಟ್ ಅಂತ ಬರೆಸ್ರಿ, ಏನೂ ಆಗೂದಿಲ್ಲ” ಅಂತ ಹೇಳುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಆ ಕಾಲ 2019ರ ಡಿಸೆಂಬರ್‌ಗೇ ಮುಗಿಯಿತು. ಅಂಚೆ ಮತ್ತು ಕೊರಿಯರ್‌ನಲ್ಲಿ ಗಿಫ್ಟ್ ಹೆಸರಿನ ವಿನಾಯಿತಿ ಉಳಿದದ್ದು ಜೀವ ಉಳಿಸುವ ಔಷಧಿಗೆ ಮತ್ತು ರಾಖಿಗೆ ಮಾತ್ರ. ಬೆಲೆ ಕಡಿಮೆ ಬರೆಸುವುದೂ ಬೇಡ. ಪಾರ್ಸಲ್ ಕಳೆದರೆ ವಿಮೆಯವರು ಕೊಡುವುದು ಬರೆಸಿದಷ್ಟನ್ನೇ.

ಕೊರಿಯರ್ ಬೇಗ ಬರುತ್ತದೆ. ಗುರುತಿನ ದಾಖಲೆ ಕೇಳುತ್ತಾರೆ, ಸುಂಕದ ಜೊತೆ ತಮ್ಮ ಸೇವಾ ಶುಲ್ಕವನ್ನೂ ಸೇರಿಸುತ್ತಾರೆ. ಅಂಚೆ ನಿಧಾನ, ಆದರೆ ಅಗ್ಗ. ಇಂಗ್ಲೆಂಡಿನ ಟ್ರ್ಯಾಕಿಂಗ್ ಸಂಖ್ಯೆ 13 ಅಕ್ಷರದ್ದು, ಕೊನೆಯಲ್ಲಿ ಜಿ-ಬಿ ಇರುತ್ತದೆ. ಭಾರತಕ್ಕೆ ಬಂದ ಮೇಲೆ ಅದೇ ಸಂಖ್ಯೆಯನ್ನು ನಮ್ಮ ಅಂಚೆ ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಬಹುದು. ಸುಂಕ ಇದ್ದರೆ ಪಾರ್ಸಲ್ ಕೈಗೆ ಕೊಡುವಾಗ ಕಟ್ಟಿಸಿಕೊಳ್ಳುತ್ತಾರೆ. ಮನೆಯಲ್ಲಿ ಇರುವವರಿಗೆ ಹೇಳಿಡಿ, ಇಲ್ಲದಿದ್ದರೆ ಪೋಸ್ಟ್‌ಮನ್ ಬಂದಾಗ ಇಷ್ಟು ದುಡ್ಡು ಯಾಕೆ ಅಂತ ವಾಪಸ್ ಕಳಿಸಿಬಿಡುತ್ತಾರೆ.

ಪ್ಯಾಕ್ ಮಾಡುವ ಬಗ್ಗೆ ಮಾರುವವರಿಗೆ ಒಂದು ಮಾತು ತಪ್ಪದೇ ಬರೆಯಿರಿ: ರೆಕಾರ್ಡನ್ನು ಕವರಿನಿಂದ ಹೊರಗೆ ತೆಗೆದು, ಕವರಿನ ಹಿಂದೆ ಇಟ್ಟು ಕಳಿಸಿ. ಒಳಗೇ ಇದ್ದರೆ ದಾರಿಯಲ್ಲಿ ಬಿದ್ದಾಗ ಅಂಚು ಕವರಿನ ಹೊಲಿಗೆ ಸೀಳಿಕೊಂಡು ಹೊರಬರುತ್ತದೆ. ಪಾರ್ಸಲ್ ಬಂದಾಗ ಒಡೆಯುವ ಮೊದಲೇ ವಿಡಿಯೋ ಶುರು ಮಾಡಿ. ಏಪ್ರಿಲ್, ಮೇನಲ್ಲಿ ತರಿಸುವುದು ಬೇಡ. ಬಿಸಿಲಿಗೆ ನಿಂತ ವ್ಯಾನಿನೊಳಗೆ ರೆಕಾರ್ಡ್ ಹಪ್ಪಳವಾಗಿಬಿಡುತ್ತದೆ. ಧಾರವಾಡದವರು ಹುಬ್ಬಳ್ಳಿಯಿಂದ ಒಯ್ಯುವುದಾದರೆ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕಾಗ ಹತ್ತಿ, ನಿಂತವರ ಮೊಣಕೈ ಎತ್ತರಕ್ಕೇ ಎಲ್‌ಪಿ ಬರುತ್ತದೆ.

ತೊಳೆಯುವುದು, ಇಡುವುದು

ಬಂದ ದಿನವೇ ಹಾಕಬೇಡಿ. ಐವತ್ತು ವರ್ಷದ ಧೂಳಿನ ಮೇಲೆ ಮುಳ್ಳು ಓಡಿಸಿದರೆ ಅದು ತೋಡಿನೊಳಗೆ ಅರೆದು ಹೋಗುತ್ತದೆ. ನಲ್ಲಿ ನೀರು ಬೇಡ. ಬೋರಿನ ಸವುಳು ನೀರಂತೂ ಬೇಡವೇ ಬೇಡ, ಒಣಗಿದ ಮೇಲೆ ಉಪ್ಪು ಉಳಿಯುತ್ತದೆ. ಔಷಧಿ ಅಂಗಡಿಯ ಡಿಸ್ಟಿಲ್ಡ್ ನೀರು, ಅದಕ್ಕೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಮೈಕ್ರೊಫೈಬರ್ ಬಟ್ಟೆ. ತೋಡಿನ ದಿಕ್ಕಿನಲ್ಲೇ ಸುತ್ತ ಒರೆಸಿ, ಅಡ್ಡ ಒರೆಸಬೇಡಿ. ಲೇಬಲ್ ನೆನೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಿಂದ ಇನ್ನೊಂದು ಸಲ. ನೆರಳಲ್ಲಿ ನಿಲ್ಲಿಸಿ ಒಣಗಿಸಿ.

ಎಣ್ಣೆ ಜಿಡ್ಡು ಹೋಗದಿದ್ದರೆ ಕೆಲವರು ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸುತ್ತಾರೆ. ವಿನೈಲ್‌ಗೆ, ಅಂದರೆ ಎಲ್‌ಪಿಯ ಪ್ಲಾಸ್ಟಿಕ್‌ಗೆ, ನಡೆಯುತ್ತದೆ. ಆದರೆ ಅದೇ ಬಟ್ಟೆಯಿಂದ ಮನೆಯ 78ರ ಪ್ಲೇಟು (ನಿಮಿಷಕ್ಕೆ 78 ಸುತ್ತಿನ ಹಳೇ ಪ್ಲೇಟು) ಒರೆಸಿದಿರೋ, ಮುಗಿಯಿತು. ಅವು ಅರಗಿನವು, ಆಲ್ಕೊಹಾಲಿಗೆ ಕರಗುತ್ತವೆ. ಧಾರವಾಡದ ಹಳೇ ಮನೆಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರ 78ರ ಪ್ಲೇಟು ಇನ್ನೂ ಇರುತ್ತವೆ. ಒಂದು ಟಿ2 ಹೋದರೆ ಇನ್ನೊಂದು ಸಿಗುತ್ತದೆ, ಅವು ಹೋದರೆ ಹೋದವು.

ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಹೊರಗಿನ ಪ್ಲಾಸ್ಟಿಕ್ ಕವರ್ ದಪ್ಪ ಪಿವಿಸಿಯದಾದರೆ ತೆಗೆದುಹಾಕಿ, ವರ್ಷಗಳಲ್ಲಿ ಅದು ರೆಕಾರ್ಡಿನ ಮೇಲೆ ಒರೆಸಿದರೂ ಹೋಗದ ಮಬ್ಬು ಬಿಡುತ್ತದೆ. ಪಾಲಿಪ್ರೊಪಿಲೀನ್ ಕವರ್ ಬಳಸಿ. ಧಾರವಾಡದ ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಹುಬ್ಬಳ್ಳಿಯಲ್ಲಿ ಧೂಳಿನದೇ ಕಾಟ. ಚೆನ್ನಮ್ಮ ಸರ್ಕಲ್ ಆಸುಪಾಸಿನವರಿಗೆ ನಾನು ಹೇಳಬೇಕಾಗಿಲ್ಲ. ಗೆದ್ದಲು ಮಾತ್ರ ಎರಡೂ ಊರಿಗೆ ಸಮ. ಅದಕ್ಕೆ ಡೆಕ್ಕಾ ಕವರೂ ಒಂದೇ, ಹಳೇ ಪಂಚಾಂಗವೂ ಒಂದೇ. ಹೊಸ ಪ್ರತಿ ಬಂದ ಮೊದಲ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕವರಿನ ಕೆಳ ಅಂಚು ನೋಡುತ್ತಿರಿ.

ಸುಂಕದ ರಸೀದಿ, ಮಾರಿದವರ ಬಿಲ್ಲು, ಡೆಡ್ ವ್ಯಾಕ್ಸಿನ ಫೋಟೋ, ಪಾರ್ಸಲ್ ಒಡೆದ ವಿಡಿಯೋ, ಇವನ್ನು ಒಂದು ಕಡೆ ಇಡಿ. ರಸೀದಿಯನ್ನು ಎಲ್‌ಪಿ ಕವರಿನೊಳಗೆ ತುರುಕಬೇಡಿ, ಅದರ ಕಲೆ ಇಳಿಯುತ್ತದೆ. ಮುಂದೆ ಎಂದಾದರೂ ಮಾರುವ ಮನಸ್ಸಾದರೆ ಬೆಂಗಳೂರಿನವರು, ಮುಂಬೈಯವರು ಮೊದಲು ಕೇಳುವುದು ಇದನ್ನೇ. ಮಾರುವ ಮನಸ್ಸಾಗದೆ ಇನ್ನೊಂದು ಬೇಕು ಅನ್ನಿಸಿದರೆ, ಕೀತ್ ಕ್ರಾಸ್ 1972ರಲ್ಲಿ ಪೀಟರ್ ರಾಸ್ ಜೊತೆ ಡೆಕ್ಕಾಗೆ ಮಾಡಿದ ‘ಬೋರ್ಡ್ ಸಿವಿಲಿಯನ್ಸ್’ ಹುಡುಕಿ. ಅದು ಮೆತ್ತಗಿನ ಎಲ್‌ಪಿ, ಬೂಮ್‌ಲ್ಯಾಂಡಿನ ಗದ್ದಲ ಅದರಲ್ಲಿಲ್ಲ. ಗೀರಿನ ವಿಷಯದಲ್ಲಿ ಅದನ್ನು ಇನ್ನೂ ಹೆಚ್ಚು ವಿಚಾರಿಸಿ ನೋಡಬೇಕು.